ಕಪ್ಪಿನ ತಳ ನೋಡುವ ಡಾಕ್ಟರು

ಮಿಸೆಸ್ ಡೆವ್ಲಿನ್ ಮನೆಗೆ ಬರುವ ಭಾನುವಾರಕ್ಕೆ ಇನ್ನೂ ಎಂಟು ದಿನವಿರುವಾಗಲೇ ಡಾಕ್ಟರ್ ಮುಕುಂದ ಲಂಡನ್ನಿನ ಕ್ರೋಯ್ಡನ್ನಿನಲ್ಲಿರುವ ತಮ್ಮ ಅಡುಗೆಮನೆಯ ನಟ್ಟನಡುವೆ ನಿಂತು ಘೋಷಣೆ ಹೊರಡಿಸಿದರು. ಅಂದಿನ ಸಮಸ್ತ ಉಸ್ತುವಾರಿ ತಮ್ಮದು. ಹೆಂಡತಿ ರಜನಿ ಯಾವುದಕ್ಕೂ ಕೈ ಹಾಕಬೇಕಾಗಿಲ್ಲ. ಮೈಸೂರಿನಿಂದ ಬಂದಿರುವ ಕಾಮಾಕ್ಷಿ ಚಿಕ್ಕಮ್ಮ ಸೋಫಾದ ಮೇಲೆ ಹಾಯಾಗಿ ಕೂತಿದ್ದರೆ ಅದೇ ದೊಡ್ಡ ಉಪಕಾರ. ಇಪ್ಪತ್ತೆರಡು ವರ್ಷ ಈ ದೇಶದ ಜನರಿಗೆ ಅರಿವಳಿಕೆ ಕೊಟ್ಟು ಮಲಗಿಸಿ, ಮಲಗಿಸಿದವರನ್ನೆಲ್ಲ ಮತ್ತೆ ಎಬ್ಬಿಸಿ ಕೂರಿಸಿದ ಕೈ ಇದು. ಎಪ್ಪತ್ತೊಂಬತ್ತು ವರ್ಷದ ಒಬ್ಬ ಹೆಂಗಸಿಗೆ ಒಂದು ಕಪ್ ಚಹಾ ಕೊಡುವುದು ಎಷ್ಟರ ಮಾತು!

"ಈ ಮನೇಲಿ ಒಂದು ಚಮಚ ಅಲ್ಲಾಡಿದ್ರೂ ನನಗೆ ಗೊತ್ತಾಗೇ ಅಲ್ಲಾಡಬೇಕು," ಎಂದರು.

ರಜನಿ ಬೀನ್ಸ್ ಹೆಚ್ಚುತ್ತಿದ್ದರು. ಅವರು ಜಿಪಿ, ಅಂದರೆ ಬಡಾವಣೆಯ ಸಾಮಾನ್ಯ ವೈದ್ಯೆ. ದಿನಕ್ಕೆ ಮೂವತ್ತು ಜನರ ದೂರು ಕೇಳಿ ಪಳಗಿದ ಮುಖದಲ್ಲಿ, "ಚಮಚ ಎಲ್ಲಿದೆ ಅಂತ ಗೊತ್ತಾ?" ಎಂದು ಕೇಳಿದರು. ಡಾಕ್ಟರಿಗೆ ಗೊತ್ತಿರಲಿಲ್ಲ. ಅದು ಮುಖ್ಯ ವಿಷಯವಲ್ಲವೆಂದು ಹೇಳಿ ಹೊರಟುಹೋದರು.

ಮುಖ್ಯ ವಿಷಯ ಇದ್ದದ್ದು ಊಟದ ಮೇಜಿನ ಹಿಂದಿನ ಗಾಜಿನ ಕಪಾಟಿನಲ್ಲಿ. ಬೀಗ ಹಾಕಿ, ಒಳಗೊಂದು ಪುಟ್ಟ ದೀಪ ಹಚ್ಚಿದ ಆ ಕಪಾಟಿನಲ್ಲಿ ಐದು ಚಹಾ ಕಪ್ಪುಗಳಿದ್ದವು. ಐರ್ಲೆಂಡಿನ ಬೆಲೀಕ್ ಎಂಬ ಊರಿನ ಪಿಂಗಾಣಿ. ನೂರಮೂವತ್ತು ವರ್ಷದ ಹಿಂದಿನದು. ಹೊರಮೈಯಲ್ಲಿ ಬುಟ್ಟಿ ಹೆಣೆದ ಹಾಗೆ ಹೆಣಿಗೆ, ಅದರ ಮೇಲೆ ಮೂರು ಮೂರು ಎಸಳಿನ ಹಸಿರು ಎಲೆ. ಎಷ್ಟು ತೆಳುವೆಂದರೆ ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಈಚೆಗೆ ಕಾಣುತ್ತಿತ್ತು. ತಳದಲ್ಲಿ ಒಂದು ಕರಿ ಮುದ್ರೆ: ಬೇಟೆನಾಯಿ, ಹಾರ್ಪ್ ವಾದ್ಯ, ಗೋಪುರ. ಆ ಮುದ್ರೆಯಿದ್ದರೆ ಅಸಲಿ.

ಮೊದಲ ಕಪ್ಪನ್ನು ಡಾಕ್ಟರು ಕೊಂಡದ್ದು ಉತ್ತರ ಐರ್ಲೆಂಡಿನ ಎನಿಸ್ಕಿಲನ್ನಿನ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರಾಗಿದ್ದಾಗ. ಆ ವರ್ಷ ಮೈಸೂರಿನಲ್ಲಿ ತಾಯಿ ತೀರಿಕೊಂಡಿದ್ದರು. ಹನ್ನೆರಡು ದಿನ ರಜ ಹಾಕಿ ಹೋಗಿ, ಕರ್ಮ ಮುಗಿಸಿ ಹಿಂತಿರುಗಿದ ವಾರವೇ ಒಂದು ಹಳೆ ಸಾಮಾನಿನ ಅಂಗಡಿಯೊಳಗೆ ಮಳೆಗೆ ನಿಂತವರು, ಈ ಕಪ್ ಹಿಡಿದುಕೊಂಡು ಹೊರಗೆ ಬಂದರು. ಯಾಕೆ ಕೊಂಡೆ ಎಂದು ಅವರಿಗೇ ಗೊತ್ತಿರಲಿಲ್ಲ. ಆಮೇಲೆ ಅದಕ್ಕೆ ಜೋಡಿ ಬೇಕೆನಿಸಿತು, ಜೋಡಿ ಸಿಕ್ಕಮೇಲೆ ಇನ್ನೊಂದು ಬೇಕೆನಿಸಿತು. ಐದರವರೆಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಇದರಲ್ಲಿ ತಮಾಷೆಯೆಂದರೆ, ಆ ಮನೆಯಲ್ಲಿ ಚಹಾ ಕುಡಿಯುವವರೇ ಇಲ್ಲ. ಇಬ್ಬರೂ ಮೈಸೂರಿನವರು, ಫಿಲ್ಟರ್ ಕಾಫಿ ಇಳಿಯದೆ ಬೆಳಗಾಗುತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಆ ಕಪ್ಪುಗಳ ಒಳಗೆ ಬಿದ್ದದ್ದು ಕಪಾಟಿನ ದೀಪದ ಬೆಳಕು ಮಾತ್ರ.

ಆರನೆಯ ಕಪ್ಪಿಗೆಂದು ಜಾಗ ಬಿಟ್ಟಿದ್ದರು. ಡ್ಯೂಟಿ ಮುಗಿಸಿ ಬಂದ ಸಂಜೆಗಳಲ್ಲಿ ಡಾಕ್ಟರು ಕಪಾಟಿನ ಮುಂದೆ ನಿಲ್ಲುತ್ತಿದ್ದರು. ಇದ್ದ ಐದರ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲ. ಖಾಲಿ ಜಾಗದ ಮೇಲೆಯೇ ನಿಲ್ಲುತ್ತಿತ್ತು. ಆ ಒಂದು ಬಂದುಬಿಟ್ಟರೆ ಎಲ್ಲ ಸರಿಹೋಗುತ್ತದೆಂದು ಅವರಿಗೆ ಬಲವಾಗಿ ಅನಿಸುತ್ತಿತ್ತು. ಏನು ಸರಿಹೋಗಬೇಕಾಗಿದೆ ಎಂದು ಮಾತ್ರ ಅವರು ತಮ್ಮನ್ನು ಕೇಳಿಕೊಂಡಿರಲಿಲ್ಲ.

ಈ ಹಂಬಲದಿಂದ ಅಂಟಿಕೊಂಡ ಒಂದು ಚಟವಿತ್ತು. ಯಾವ ಅಂಗಡಿ, ಯಾವ ಹೋಟೆಲು, ಯಾರ ಮನೆಯಾದರೂ ಸರಿ, ಕಪ್ ಕಂಡರೆ ಡಾಕ್ಟರು ಅದನ್ನು ತಿರುಗಿಸಿ ತಳ ನೋಡಲೇಬೇಕು. ಹೌನ್ಸ್ಲೋದಲ್ಲಿ ಸಂಪತ್ ಎಂಬ ಮಿತ್ರರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಹೀಗೇ ತಿರುಗಿಸಿದರು. ಒಳಗೆ ಕಾಫಿಯಿತ್ತು. ಕೆಳಗೆ ಸಂಪತ್ ಅವರ ಹೊಸ ಬಿಳಿ ಸೋಫಾ ಇತ್ತು. ಅಂದಿನಿಂದ ಆ ಮನೆಯಲ್ಲಿ ಡಾಕ್ಟರಿಗೆ ಕಾಗದದ ಲೋಟ.

ಮಿಸೆಸ್ ಡೆವ್ಲಿನ್ ಸಿಕ್ಕಿದ್ದೂ ಈ ಚಟದಿಂದಲೇ. ಒಂದು ಹಳೆ ಸಾಮಾನಿನ ಸಂತೆಯಲ್ಲಿ ಒಂದೇ ಮೇಜಿನ ಎರಡು ಬದಿಯಲ್ಲಿ ನಿಂತು ಇಬ್ಬರೂ ಒಟ್ಟಿಗೆ ಒಂದೊಂದು ತಟ್ಟೆ ಎತ್ತಿ, ಒಟ್ಟಿಗೆ ತಿರುಗಿಸಿ, ಒಟ್ಟಿಗೆ ನಿಟ್ಟುಸಿರಿಟ್ಟು ಕೆಳಗಿಟ್ಟರು. ಮಾತಿಗೆ ಅಷ್ಟು ಸಾಕಾಯಿತು. ಆಕೆ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ನಿವೃತ್ತರಾದವರು. ಹುಟ್ಟೂರು ಐರ್ಲೆಂಡಿನಲ್ಲಿ, ವಾಸ ಲಂಡನ್ನಿನ ಉತ್ತರ ತುದಿಯ ಕೊಲಿಂಡೇಲಿನ ಫ್ಲಾಟಿನಲ್ಲಿ, ಒಬ್ಬರೇ. ಅವರ ಬಳಿ ಒಂದು ಕಪ್ ಇತ್ತು. ಬುಟ್ಟಿ ಹೆಣಿಗೆ, ಮೂರೆಸಳು, ಕರಿ ಮುದ್ರೆ. ಡಾಕ್ಟರ ಖಾಲಿ ಜಾಗಕ್ಕೆ ಅಳತೆ ಕೊಟ್ಟು ಮಾಡಿಸಿದಂಥದ್ದು. ಮಾರುತ್ತೀರಾ ಎಂದರೆ ಇಲ್ಲವೆಂದರು. ನನಗೆ ವಯಸ್ಸಾಯಿತು, ಮಕ್ಕಳಿಲ್ಲ, ಕೊಟ್ಟರೆ ಸುಮ್ಮನೆಯೇ ಕೊಟ್ಟುಬಿಡುತ್ತೇನೆ, ಆದರೆ ಅದು ಇರುವ ಮನೆ ಎಂಥದ್ದೆಂದು ಕಣ್ಣಾರೆ ನೋಡಬೇಕು ಎಂದರು. ಹಾಗೆ ಗೊತ್ತಾದದ್ದು ಆ ಭಾನುವಾರ.

ಇನ್ನು ಕಾಮಾಕ್ಷಿ ಚಿಕ್ಕಮ್ಮನ ವಿಚಾರ. ಅವರು ಡಾಕ್ಟರ ತಾಯಿಯ ಒಡಹುಟ್ಟಿದ ತಂಗಿ. ಆರು ತಿಂಗಳ ವೀಸಾದ ಮೇಲೆ ಬಂದು ಎರಡು ತಿಂಗಳಾಗಿತ್ತು. ಬರುವಾಗ ಕಾಫಿಪುಡಿ, ಹಿತ್ತಾಳೆ ಫಿಲ್ಟರು, ಬಟ್ಟೆಯಲ್ಲಿ ಸುತ್ತಿದ ಒಂದು ಹಳೆ ಸ್ಟೀಲ್ ಲೋಟ ತಂದಿದ್ದರು. ದಿನಾ ಬೆಳಿಗ್ಗೆ ಡಾಕ್ಟರಿಗೆ ಕಾಫಿ ಕೊಡುತ್ತಿದ್ದದ್ದು ಆ ಲೋಟದಲ್ಲೇ. ಬಾಯಿಯ ಹತ್ತಿರ ತಗ್ಗು ಬಿದ್ದು ಸೊಟ್ಟಗಾಗಿತ್ತು. ಇಷ್ಟೊಂದು ಒಳ್ಳೆ ಲೋಟ ಇರುವಾಗ ಈ ಸೊಟ್ಟ ಲೋಟ ಯಾಕೆಂದು ಡಾಕ್ಟರು ಒಮ್ಮೆ ಗೊಣಗಿದರು. "ಸೋರಲ್ವಲ್ಲ, ಕುಡಿ," ಎಂದರು ಚಿಕ್ಕಮ್ಮ.

ಅವರು ಬಂದ ಹೊಸದರಲ್ಲೇ ಯುಗಾದಿ ಬಂತು. ಕನ್ನಡದವರೆಲ್ಲ ಸೇರಿ ಒಂದು ಹಾಲ್ ಹಿಡಿದು, ಮನೆಗೊಂದು ಅಡುಗೆ ಎಂದು ಹಂಚಿಕೊಂಡಿದ್ದರು. ರಜನಿ ತಮ್ಮ ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತ್ ಒಯ್ದರು. ಹಿಂತಿರುಗುವಾಗ ಗಡಿಬಿಡಿಯಲ್ಲಿ ಬೇರೆ ಪಾತ್ರೆ ಬಂತು. ಅದರ ಮೇಲೆ 'ಶ್ರೀಲತಾ, ದಾವಣಗೆರೆ' ಎಂದು ಕೊರೆದಿತ್ತು. ಚಿಕ್ಕಮ್ಮ ಅದನ್ನು ಮನೆಯಲ್ಲಿ ಒಂದು ದಿನ ಹೆಚ್ಚಿಗೆ ಇರಗೊಡಲಿಲ್ಲ. ಹೆಸರಿದ್ದ ಪಾತ್ರೆ ಹೆಸರಿದ್ದವರ ಮನೆಗೇ ಹೋಗಬೇಕು, ಬರಿದಾಗಿ ಹೋಗಬಾರದು ಎಂದು, ಒಳಗೆ ಸಕ್ಕರೆ ತುಂಬಿಸಿ, ಫೋನು ಮಾಡಿಸಿ ವಿಳಾಸ ಹುಡುಕಿಸಿ, ಶ್ರೀಲತಾ ಅವರ ಮನೆಗೆ ಡಾಕ್ಟರನ್ನೇ ಕಳಿಸಿದರು. ರಜನಿಯ ಪಾತ್ರೆ ಮಾತ್ರ ಸಿಗಲೇ ಇಲ್ಲ. ಯಾಕೆಂದರೆ ಅದರ ಮೇಲೆ ಹೆಸರಿರಲಿಲ್ಲ.

"ಒಂದು ಸೌಟಿಗೂ ಹೆಸರಿಲ್ಲ ಈ ಮನೇಲಿ," ಎಂದು ಚಿಕ್ಕಮ್ಮ ದಿಗಿಲುಬಿದ್ದರು. ಅವರ ಕಾಲದಲ್ಲಿ ಹೆಸರು ಹಾಕಿಸದೆ ಪಾತ್ರೆ ಅಂಗಡಿಯ ಮೆಟ್ಟಿಲು ಇಳಿಯುತ್ತಿರಲಿಲ್ಲ. ಡಾಕ್ಟರು ಉದಾರವಾಗಿ ನಕ್ಕು, ಮೊಬೈಲಿನಲ್ಲೇ ಒಂದು ಎಲೆಕ್ಟ್ರಿಕ್ ಪೆನ್ನು ತರಿಸಿಕೊಟ್ಟರು. ಉಕ್ಕಾಗಲಿ ಗಾಜಾಗಲಿ, ಗುರ್ರೆಂದು ಕೊರೆಯುವ ಪೆನ್ನು. ಚಿಕ್ಕಮ್ಮ ಎಲ್ಲಿಂದ ಎಲ್ಲಿವರೆಗೆ ಹಾಕಲಿ ಎಂದು ಕೇಳಿದಾಗ ಡಾಕ್ಟರು ಟೀವಿಯಿಂದ ಕಣ್ಣು ತೆಗೆಯದೆ ಒಂದು ಮಾತು ಹೇಳಿದರು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

"ಯಾವುದು ಕಳೆದುಹೋಗಬಾರದು ಅನ್ಸುತ್ತೋ ಅದಕ್ಕೆಲ್ಲ ಹಾಕ್ಬಿಡಿ ಚಿಕ್ಕಮ್ಮ. ನನ್ನ ಕೇಳೋದೇ ಬೇಡ."

ಚಿಕ್ಕಮ್ಮ ಕೇಳಲಿಲ್ಲ. ಕುಕ್ಕರಿನ ಮುಚ್ಚಳ, ಇಡ್ಲಿ ತಟ್ಟೆಯ ನಾಲ್ಕೂ ಅಂತಸ್ತು, ಜಾರ, ಈಳಿಗೆಮಣೆ, ಕೊನೆಗೆ ಡಾಕ್ಟರ ಗಡ್ಡದ ಮಿಷನ್ನಿನ ಮೇಲೂ 'ರಜನಿ ಮುಕುಂದ, ಕ್ರೋಯ್ಡನ್' ಎಂದು ಬಂತು. ಗಾಜಿನ ಕಪಾಟಿನ ಹತ್ತಿರ ಮಾತ್ರ ಅವರು ಸುಳಿಯುತ್ತಿರಲಿಲ್ಲ. ಇಂಗ್ಲಿಷಿನವರ ಪಿಂಗಾಣಿಯಲ್ಲಿ ದನದ ಮೂಳೆ ಸುಟ್ಟ ಬೂದಿ ಇರುತ್ತದೆಂದು ಯಾರೋ ಹೇಳಿದ್ದರು. ಮಡಿ ಹೆಂಗಸು, ದೂರವೇ ಇದ್ದರು.

ಮಿಸೆಸ್ ಡೆವ್ಲಿನ್ ಬರುವ ವಾರ ಡಾಕ್ಟರು ಅದನ್ನೂ ತಾವೇ ಸರಿಪಡಿಸಿದರು. ಚಿಕ್ಕಮ್ಮನನ್ನು ಕಪಾಟಿನ ಮುಂದೆ ಕೂರಿಸಿಕೊಂಡು ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟರು. ಮೂಳೆಯ ಬೂದಿ ಹಾಕುವುದು ಬೋನ್ ಚೈನಾಕ್ಕೆ. ಇದು ಆ ಜಾತಿಯೇ ಅಲ್ಲ. ಇದು ಬರೀ ಮಣ್ಣು ಮತ್ತು ಕಲ್ಲು, ಪರಮ ಸಾತ್ವಿಕ, ಇಡೀ ಪ್ರಪಂಚದಲ್ಲಿ ತಮಗೆ ಇದಕ್ಕಿಂತ ಅಮೂಲ್ಯವಾದದ್ದು ಬೇರಿಲ್ಲ. ಕೊನೆಯ ಮಾತು ಕೇಳಿ ಪಕ್ಕದಲ್ಲಿದ್ದ ರಜನಿ ಎದ್ದು ಒಳಗೆ ಹೋದರು. ಚಿಕ್ಕಮ್ಮ ಮಾತ್ರ ಗಮನವಿಟ್ಟು ಕೇಳಿ, "ಹಾಗಾದ್ರೆ ಮುಟ್ಟಬಹುದು ಅನ್ನು," ಎಂದರು.

ಶನಿವಾರ ಬೆಳಿಗ್ಗೆ ಡಾಕ್ಟರು ಕಪ್ಪುಗಳ ಧೂಳು ಒರೆಸಲು ಕಪಾಟಿನ ಬೀಗ ತೆಗೆದರು. ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಬೀಗದ ಕೈ ಅಲ್ಲೇ ಉಳಿಯಿತು.

ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದು ನೋಡುತ್ತಾರೆ, ಊಟದ ಮೇಜಿನ ಮೇಲೆ ಒಗೆದ ಟವೆಲ್ ಹಾಸಿ, ಅದರ ಮೇಲೆ ಐದು ಕಪ್ಪುಗಳನ್ನು ಕವುಚಿ ಸಾಲಾಗಿ ಇಟ್ಟಿದೆ. ಚಿಕ್ಕಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಐದನೆಯದರ ತಳವನ್ನು ಸೀರೆಯ ಸೆರಗಿನಿಂದ ಒರೆಸುತ್ತಿದ್ದಾರೆ. ಪಕ್ಕದಲ್ಲಿ ಪೆನ್ನು. ಆಪರೇಷನ್ ಟೇಬಲ್ಲಿನ ಮೇಲೆ ಎಂಥೆಂಥದೋ ನೋಡಿದ್ದ ಮನುಷ್ಯ ಕುರ್ಚಿಯ ಬೆನ್ನು ಹಿಡಿದು ನಿಂತರು. ಬಾಯಿ ತೆರೆದು, ಚಿಕ್ಕಮ್ಮ ಅನ್ನುವುದನ್ನೂ ಮರೆತು ಕೂಗಬೇಕೆಂದು ಮುಂದೆ ಬಂದು ಬಗ್ಗಿದರು.

ನಾಯಿ, ಹಾರ್ಪ್, ಗೋಪುರ. ಅದರ ಕೆಳಗೆ, ಚುಕ್ಕಿ ಚುಕ್ಕಿಯಾಗಿ, ಪುಷ್ಪಾವತಿ.

ಬೇರೆ ಯಾವ ಹೆಸರಾದರೂ ಇದ್ದಿದ್ದರೆ ಆ ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದರು. ಇದು ಅವರ ತಾಯಿಯ ಹೆಸರು. ಒಂದು, ಎರಡು, ಮೂರು, ನಾಲ್ಕು, ಐದು; ಐದು ಕಡೆಯೂ ಅಮ್ಮ. ಡಾಕ್ಟರು ಕಪ್ಪುಗಳನ್ನು ಒಂದೊಂದಾಗಿ ಕಪಾಟಿನೊಳಗಿಟ್ಟು ಮಹಡಿ ಹತ್ತಿದರು.

ರಜನಿ ಮೇಲೆ ಬಂದಾಗ ಅವರು ಹಲ್ಲುಪುಡಿ, ಅಡುಗೆಸೋಡ, ಸ್ಪಿರಿಟ್ಟು ಎಲ್ಲವನ್ನೂ ಹೆಸರಿಸುತ್ತ ಶತಪಥ ತಿರುಗುತ್ತಿದ್ದರು. ಕೊರೆದದ್ದು ಯಾವುದರಿಂದಲೂ ಹೋಗುವುದಿಲ್ಲವೆಂದು ಅವರಿಗೇ ಗೊತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ ಎಂದು ರಜನಿ ಸಲಹೆ ಕೊಟ್ಟರು. ಅದು ಸಾಧ್ಯವಿರಲಿಲ್ಲ. ಒಂದು ಕಪ್ಪನ್ನು ಇಷ್ಟು ವರ್ಷ ಜೋಪಾನ ಮಾಡಿದ ಹೆಂಗಸು ಇದನ್ನು ನೋಡಿದರೆ, ಬಂದ ದಾರಿಯಲ್ಲೇ ಕಪ್ ಸಮೇತ ಹಿಂತಿರುಗುತ್ತಾಳೆ. ಆರನೆಯದು ಹೋಯಿತು ಎಂದರೆ ಹೋಯಿತು. ಇನ್ನೊಂದು ಇಪ್ಪತ್ತು ವರ್ಷ ಕಾಯಲು ಡಾಕ್ಟರಿಗೆ ಆಯಸ್ಸು ಎಲ್ಲಿತ್ತು?

ಕೊನೆಗೆ ಉಪಾಯ ಹೊಳೆಯಿತು. ತಳ ನೋಡಬೇಕಾದರೆ ಕಪ್ ತಿರುಗಿಸಬೇಕು. ಒಳಗೆ ಚಹಾ ಇದ್ದರೆ ತಿರುಗಿಸುವ ಹಾಗಿಲ್ಲ; ಅದನ್ನು ಹೌನ್ಸ್ಲೋದ ಸೋಫಾ ಅವರಿಗೆ ಕಲಿಸಿತ್ತು. ಆದ್ದರಿಂದ ಮಿಸೆಸ್ ಡೆವ್ಲಿನ್ ಒಳಗೆ ಕಾಲಿಡುವ ಮೊದಲೇ ಕಪ್ ತುಂಬಿರಬೇಕು, ಮತ್ತು ಹೊರಡುವವರೆಗೆ ಅದು ಅರ್ಧಕ್ಕಿಂತ ಕೆಳಗೆ ಇಳಿಯಕೂಡದು.

"ಡ್ರಿಪ್ ಹಾಕಿದ ಹಾಗೆ ಅನ್ನಿ," ಎಂದರು ರಜನಿ.

"ಹೌದು. ಒಂದು ಕ್ಷಣ ನಿಲ್ಲಬಾರದು."

ಭಾನುವಾರ ಡಾಕ್ಟರು ಈಸ್ಟ್ ಕ್ರೋಯ್ಡನ್ ಸ್ಟೇಷನ್ನಿಗೆ ಹೋಗಿ ಮಿಸೆಸ್ ಡೆವ್ಲಿನ್ ಅವರನ್ನು ಕರೆತಂದರು. ನಾರ್ದರ್ನ್ ಲೈನಿನಲ್ಲಿ ಅಷ್ಟು ದೂರ ಬಂದು, ಲಂಡನ್ ಬ್ರಿಜ್ಜಿನಲ್ಲಿ ರೈಲು ಬದಲಿಸಿ ಬಂದರೂ ಆಕೆ ಕೈಚೀಲವನ್ನು ಡಾಕ್ಟರಿಗೆ ಹಿಡಿಯಲು ಕೊಡಲಿಲ್ಲ. ಆರನೆಯ ಕಪ್ ಅದರೊಳಗೆ ಉಣ್ಣೆಯ ಕಾಲುಚೀಲದಲ್ಲಿ ಭದ್ರವಾಗಿ ಕೂತಿತ್ತು. ಮನೆಗೆ ಬಂದರೆ ಮೇಜಿನ ಮೇಲೆ ಐದೂ ಕಪ್ ಅಂಚಿನವರೆಗೆ ತುಂಬಿ ಹೊಗೆಯಾಡುತ್ತಿದ್ದವು. ಚಹಾ ಮಾಡಿದವರು ಚಿಕ್ಕಮ್ಮ. ಶುಂಠಿ ಜಜ್ಜಿ, ಏಲಕ್ಕಿ ಹಾಕಿ, ಹಾಲಿನಲ್ಲೇ ಕುದಿಸಿ, ಕಷಾಯಕ್ಕೂ ಪಾಯಸಕ್ಕೂ ನಡುವಿನ ಒಂದು ಪದಾರ್ಥ ಮಾಡಿದ್ದರು. ಆ ಕಪ್ಪುಗಳಿಗೆ ಅದು ಇಪ್ಪತ್ತು ವರ್ಷದಲ್ಲಿ ಮೊದಲ ಚಹಾ.

ಮಿಸೆಸ್ ಡೆವ್ಲಿನ್ ಒಂದು ಗುಟುಕು ಕುಡಿದು ಹುಬ್ಬೇರಿಸಿದರು. ಇನ್ನೊಂದು ಗುಟುಕು. ಚೆನ್ನಾಗಿದೆ ಎಂದರು. ಡಾಕ್ಟರ ಲೆಕ್ಕ ತಪ್ಪಿದ್ದು ಇಲ್ಲೇ. ಆಕೆ ತುಟಿಗೆ ತಾಗಿಸಿದ ಹಾಗೆ ಮಾಡಿ ಬದಿಗಿಡುತ್ತಾರೆಂದುಕೊಂಡಿದ್ದರು. ಆಕೆ ಗಟಗಟನೆ ಕುಡಿಯತೊಡಗಿದರು. ಡಾಕ್ಟರು ಕೆಟಲ್ ಹಿಡಿದು ಪಕ್ಕದಲ್ಲಿ ನಿಂತೇ ಇದ್ದರು. ಕಪ್ ತುಟಿಯಿಂದ ಇಳಿಯುವಷ್ಟರಲ್ಲಿ ಮತ್ತೆ ತುಂಬುತ್ತಿತ್ತು. ಈ ಡಾಕ್ಟರಿಗೆ ಎಷ್ಟು ಸತ್ಕಾರಬುದ್ಧಿ ಎಂದು ಆಕೆಗೆ ಮೆಚ್ಚುಗೆಯಾಯಿತು. ಮೂರನೆಯ ಸಲ ಸಾಕೆಂದರು, ಡಾಕ್ಟರಿಗೆ ಕೇಳಿಸಲಿಲ್ಲ. ನಾಲ್ಕನೆಯ ಸಲ ಆಕೆ ಬಾತ್‌ರೂಮು ಎಲ್ಲಿ ಎಂದು ಕೇಳಿದರು. ಹಿಂತಿರುಗಿ ಬರುವಷ್ಟರಲ್ಲಿ ಐದನೆಯದು ಸಿದ್ಧವಾಗಿತ್ತು.

ಈ ನಡುವೆ ಸೋಫಾದ ಮೇಲೆ ಚಿಕ್ಕಮ್ಮ ಮತ್ತು ಆಕೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಒಬ್ಬರ ಮಾತು ಒಬ್ಬರಿಗೆ ಬರುತ್ತಿರಲಿಲ್ಲ. ಆದರೂ ಮಂಡಿನೋವಿನ ಬಗ್ಗೆ ಕೈ ಆಡಿಸಿ ದೀರ್ಘವಾಗಿ ಮಾತಾಡಿ ಮುಗಿಸಿದ್ದರು. ಮಿಸೆಸ್ ಡೆವ್ಲಿನ್ ಆಗಾಗ ತಲೆಯೆತ್ತಿ ಕಪಾಟಿನ ಕಡೆ, ಮೇಜಿನ ಕಡೆ ನೋಡುತ್ತಿದ್ದರು. ಆಮೇಲೆ ಕಾಲುಚೀಲದಿಂದ ತಮ್ಮ ಕಪ್ಪನ್ನು ಹೊರತೆಗೆದು ಡಾಕ್ಟರ ಅಂಗೈ ಮೇಲಿಟ್ಟರು. ಮನೆ ನೋಡಿದೆ, ಇಲ್ಲಿರಬಹುದು ಇದು ಎಂದರು.

ಡಾಕ್ಟರ ಕಣ್ಣಿನಲ್ಲಿ ನೀರಾಡಿತು. ಎರಡು ಕೈಯಲ್ಲೂ ಆ ಕಪ್ಪನ್ನು ಹಿಡಿಯಬೇಕೆಂದು ಕೆಟಲ್ಲನ್ನು ಕೆಳಗಿಟ್ಟರು. ಡ್ರಿಪ್ ನಿಂತಿತು.

ಮಿಸೆಸ್ ಡೆವ್ಲಿನ್ ಕೊನೆಯ ಗುಟುಕು ಮುಗಿಸಿ, ಈ ಪಿಂಗಾಣಿ ಬಲ್ಲವರೆಲ್ಲ ಮಾಡುವ ಹಾಗೆ, ಕಪ್ಪನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ತಿರುಗಿಸುವ ಅಗತ್ಯವೇ ಬೀಳಲಿಲ್ಲ. ವಾರವಿಡೀ ಮುಖ ತೋರಿಸದ ಸೂರ್ಯ ಅದೇ ಕ್ಷಣಕ್ಕೆ ಕ್ರೋಯ್ಡನ್ನಿಗೆ ಬಂದಿದ್ದ. ತೆಳು ತಳದಲ್ಲಿ ಕೊರೆದ ಜಾಗ ಇನ್ನೂ ತೆಳುವಾಗಿ, ಕಪ್ಪಿನೊಳಗೆ ಚುಕ್ಕಿ ಚುಕ್ಕಿಯಾಗಿ ಬೆಳಕಿನ ಅಕ್ಷರಗಳು ಮೂಡಿದವು. ಹಿಂದುಮುಂದಾಗಿ ಕಂಡರೂ ಡಾಕ್ಟರಿಗೆ ಓದಲು ಕಷ್ಟವಾಗಲಿಲ್ಲ.

ಏನಿದು ಎಂದು ಆಕೆ ಕೇಳಿದರು.

ಡಾಕ್ಟರು ತಲೆತಗ್ಗಿಸಿ ಎಲ್ಲ ಒಪ್ಪಿಕೊಂಡರು. ಪೆನ್ನು ತರಿಸಿದ್ದು, ಕೇಳಬೇಡಿ ಎಂದದ್ದು, ಮೂಳೆಯಿಲ್ಲ ಎಂದು ಉಪನ್ಯಾಸ ಕೊಟ್ಟದ್ದು, ಬೀಗದ ಕೈ ಬಿಟ್ಟದ್ದು, ಐದು ಸಲ ಚಹಾ ಸುರಿದದ್ದು. ಒಂದೊಂದಾಗಿ ಹೇಳುತ್ತ ಹೋದಂತೆ ಚಿಕ್ಕಮ್ಮನ ತಪ್ಪು ಯಾವುದೆಂದು ಅವರಿಗೇ ಸಿಗದಾಯಿತು. ಹೆಸರು ಯಾರದು ಎಂದು ಆಕೆ ಕೇಳಿದಾಗ ನನ್ನ ತಾಯಿಯದು ಎಂದರು. ಹಾಗಾದರೆ ಈ ಕಪ್ಪುಗಳು ನಿಮ್ಮ ತಾಯಿಯವೇ ಎಂದರು ಆಕೆ. ಅಲ್ಲ, ಅವರು ಇವನ್ನು ನೋಡಿಯೂ ಇರಲಿಲ್ಲ. ಮತ್ತೆ ಹೆಸರು ಯಾಕೆ? ನಿನ್ನೆಯಿಂದ ಆ ಪ್ರಶ್ನೆಯನ್ನು ಡಾಕ್ಟರು ಯಾರನ್ನೂ ಕೇಳಿರಲಿಲ್ಲ, ಕೇಳಲು ಧೈರ್ಯವಿರಲಿಲ್ಲ. ಈಗ ಚಿಕ್ಕಮ್ಮನ ಕಡೆ ನೋಡಿದರು.

"ಅಕ್ಕ ಹೋದಾಗ ಪಾತ್ರೆಯೆಲ್ಲಾ ನಡುಮನೇಲಿ ಹರಡಿ ಪಾಲು ಹಾಕಿದ್ವಿ," ಎಂದರು ಚಿಕ್ಕಮ್ಮ. "ಯಾರ್ಯಾರಿಗೆ ಏನೇನು ಬೇಕೋ ತಗೊಂಡ್ರು. ಇವನು ಬಾಗಿಲ ಹತ್ರ ನಿಂತ್ಕೊಂಡು, ನಂಗೇನೂ ಬೇಡ, ಅಲ್ಲಿ ಎಲ್ಲಾ ಇದೆ ಅಂದ. ನಾವೂ ನಂಬಿದ್ವಿ. ಇಲ್ಲಿಗೆ ಬಂದು ನೋಡಿದ್ರೆ, ಯಾರದೋ ಮನೆ ಕಪ್ಪಿಗೆ ಬೀಗ ಹಾಕ್ಕೊಂಡು ಕಾಯ್ತಾ ಕೂತಿದಾನೆ. ಕಾಯೋದೇ ಆದ್ರೆ ಅಮ್ಮನ ಹೆಸರಾದ್ರೂ ಇರ್ಲಿ ಅಂತ ಹಾಕ್ದೆ."

ರಜನಿ ಇದನ್ನು ಇಂಗ್ಲಿಷಿಗೆ ಹೇಳುವಾಗ ಎರಡು ಕಡೆ ನಿಲ್ಲಬೇಕಾಯಿತು. ಡಾಕ್ಟರು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಇಪ್ಪತ್ತು ವರ್ಷದ ಹಿಂದಿನ ಆ ನಡುಮನೆ, ಹರಡಿದ ಪಾತ್ರೆ, ಅಲ್ಲಿ ಎಲ್ಲ ಇದೆ ಎಂದ ತಮ್ಮ ದನಿ ಎಲ್ಲ ನೆನಪಾಗಿ ಅವರಿಗೆ ಅಳು ಬಂತು. ಬೇಕಾಗಿತ್ತು. ಒಂದು ಚಮಚವಾದರೂ ಬೇಕಾಗಿತ್ತು.

ಮಿಸೆಸ್ ಡೆವ್ಲಿನ್ ಕೈಯಲ್ಲಿದ್ದ ಕಪ್ಪನ್ನು ಮೇಜಿನ ಮೇಲಿಟ್ಟರು. ಆಮೇಲೆ ತಮ್ಮ ಕಥೆ ಹೇಳಿದರು. ಅವರ ತಾಯಿಯ ಬಳಿ ಇಂಥವೇ ಆರು ಕಪ್ ಇದ್ದವು. ಮಕ್ಕಳೂ ಆರು. ತಾಯಿ ಹೋದಮೇಲೆ ತಲೆಗೊಂದು ಹಂಚಿಕೊಂಡರು. ಒಂದು ಬಾಸ್ಟನ್ನಿಗೆ ಹೋಯಿತು, ಒಂದು ಬರ್ಮಿಂಗ್‌ಹ್ಯಾಮಿಗೆ, ಉಳಿದವು ಇನ್ನೆಲ್ಲಿಗೋ. ಅಣ್ಣ ಅಕ್ಕಂದಿರು ಒಬ್ಬೊಬ್ಬರಾಗಿ ತೀರಿಕೊಂಡಂತೆ ಅವರ ಮಕ್ಕಳು ಮನೆ ಖಾಲಿ ಮಾಡುವವರಿಗೆ ಎಲ್ಲ ಕೊಟ್ಟುಬಿಟ್ಟರು. ನಲವತ್ತು ವರ್ಷದಿಂದ ಆಕೆ ಸಂತೆ ಸಂತೆಯಲ್ಲಿ ಕಪ್ ತಿರುಗಿಸಿ ನೋಡುತ್ತಿದ್ದದ್ದು ಅದಕ್ಕೇ.

"ಈ ಮುದ್ರೆ ಮಾಡಿದವರು ಯಾರು ಅಂತ ಹೇಳುತ್ತದೆ, ಡಾಕ್ಟರ್. ಯಾರದು ಅಂತ ಹೇಳುವುದಿಲ್ಲ," ಎಂದರು. "ನಿಮ್ಮ ಐದರಲ್ಲಿ ಒಂದು ನಮ್ಮಮ್ಮನದೇ ಇರಬಹುದು. ಹೇಗೆ ಗೊತ್ತಾಗಬೇಕು? ಅವಳಿಗೆ ಇಂಥ ತಂಗಿ ಇರಲಿಲ್ಲ."

ಹಾಗೆಂದು ಆಕೆ ಡಾಕ್ಟರ ಕೈಯಿಂದ ಆರನೆಯ ಕಪ್ಪನ್ನು ಮೆಲ್ಲಗೆ ತೆಗೆದುಕೊಂಡು ಚಿಕ್ಕಮ್ಮನ ಮಡಿಲಲ್ಲಿಟ್ಟರು. ಒಂದು ಚೀಟಿಯ ಮೇಲೆ ತಮ್ಮ ತಾಯಿಯ ಹೆಸರನ್ನು ಇಂಗ್ಲಿಷಿನಲ್ಲಿ ಐದಕ್ಷರ ಬರೆದುಕೊಟ್ಟರು: ಆಗ್ನೆಸ್. ಚಿಕ್ಕಮ್ಮನಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ಟವೆಲ್ ಹಾಸಿ, ಕನ್ನಡಕ ಇಳಿಸಿ, ಪೆನ್ನು ಗುರ್ರೆನ್ನಿಸಿದರು. ನೂರಮೂವತ್ತು ವರ್ಷದ ಪಿಂಗಾಣಿಯ ಮೇಲೆ ಚುಕ್ಕಿ ಬೀಳುವ ಸದ್ದು ಕೇಳುತ್ತ ಡಾಕ್ಟರು ಕಣ್ಣು ಮುಚ್ಚಿ ಕೂತರು. ಹೋಗಲಿ, ಹೆಸರಿದ್ದರೇನು, ಆರನೆಯದು ಬಂತಲ್ಲ ಎಂದು ಸಮಾಧಾನ ಮಾಡಿಕೊಂಡು, ಸದ್ದು ನಿಂತಮೇಲೆ ಕೈ ಚಾಚಿದರು. ಚಿಕ್ಕಮ್ಮ ಕೊಡಲಿಲ್ಲ.

"ಹೆಸರು ಬಿದ್ಮೇಲೆ ನಮ್ಮನೇಲಿ ಇಟ್ಕೋಬಾರದು ಕಣೋ. ಶ್ರೀಲತಾ ಪಾತ್ರೆ ಕೊಟ್ಟು ಬಂದಿಲ್ವಾ ನೀನು?"

ಎದ್ದು ಅಡುಗೆಮನೆಗೆ ಹೋಗಿ, ಕಪ್ಪಿನ ತುಂಬ ಸಕ್ಕರೆ ತುಂಬಿ, ಮೇಲೊಂದು ಬಟ್ಟೆ ಕಟ್ಟಿ ಮಿಸೆಸ್ ಡೆವ್ಲಿನ್ ಕೈಗೆ ಕೊಟ್ಟರು. ರಜನಿ ನಿಯಮವನ್ನು ವಿವರಿಸಿದರು. ಆಕೆ ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಕಪ್ ಕೊಟ್ಟಮೇಲೆ ತಮ್ಮ ಫ್ಲಾಟಿನ ಆ ಜಾಗ ಹೇಗೆ ಕಾಣುತ್ತದೋ ಎಂದು ಬೆಳಗಿನಿಂದ ಹೆದರಿಕೆಯಾಗಿತ್ತೆಂದೂ, ಇನ್ನು ತಿಂಗಳಿಗೊಮ್ಮೆ ತಮ್ಮ ಕಪ್ ತಾವೇ ತಂದು ಚಹಾ ಕುಡಿದು ಹೋಗುತ್ತೇನೆಂದೂ ಹೇಳಿದರು. ಆರನೆಯ ಕಪ್ ಡಾಕ್ಟರ ಸ್ವಾಧೀನದಲ್ಲಿದ್ದದ್ದು ಒಟ್ಟು ಹದಿನೈದು ನಿಮಿಷ.

ಬೆಳಗಿನಿಂದ ಸುರಿಯುವುದರಲ್ಲೇ ಇದ್ದ ಡಾಕ್ಟರು ಒಂದು ತೊಟ್ಟು ಏನೂ ಕುಡಿದಿರಲಿಲ್ಲ. ಅವರ ಮುಖ ನೋಡಿ ಚಿಕ್ಕಮ್ಮ ಕಾಫಿ ಬೆರೆಸಿ ತಂದರು, ಅದೇ ಸೊಟ್ಟ ಲೋಟದಲ್ಲಿ. ಡಾಕ್ಟರು ಕುಡಿದು ಲೋಟವನ್ನು ಮೇಜಿನ ಮೇಲಿಟ್ಟರು. ಮಿಸೆಸ್ ಡೆವ್ಲಿನ್ ಏನೋ ಮಾತಾಡುತ್ತ, ಕೈಗೆ ಹತ್ತಿರವಿದ್ದ ಆ ಖಾಲಿ ಲೋಟವನ್ನು ಎತ್ತಿ, ನಲವತ್ತು ವರ್ಷದ ಅಭ್ಯಾಸಬಲದಿಂದ ತಿರುಗಿಸಿ ತಳ ನೋಡಿದರು. ತಾವು ಚಹಾ ಕುಡಿದಿಟ್ಟಿದ್ದ ಕಪ್ಪನ್ನೂ ತಿರುಗಿಸಿದರು. ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿದರು. ಕನ್ನಡದ ಒಂದಕ್ಷರ ಗೊತ್ತಿಲ್ಲದ ಆಕೆ, ಎರಡನ್ನೂ ಡಾಕ್ಟರ ಮುಂದೆ ಹಿಡಿದು, ಇದೂ ಅದೇ ಅಲ್ಲವೇ ಎಂದು ಕೇಳಿದರು.

ಲೋಟದ ತಳದಲ್ಲಿ, ಯಾವನೋ ಮೈಸೂರಿನ ಅಂಗಡಿಯವನು ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಬಡಿದ ಹೆಸರು. ಪುಷ್ಪಾವತಿ, ೧೯೬೮. ಅದು ಅಮ್ಮನ ಮದುವೆಯಾದ ವರ್ಷ. ಚಿಕ್ಕಮ್ಮ ಕಪ್ಪುಗಳ ಮೇಲೆ ಹಾಕಿದ್ದು ಈ ಅಕ್ಷರಗಳನ್ನೇ ಮುಂದಿಟ್ಟುಕೊಂಡು, ಚುಕ್ಕಿಗೆ ಚುಕ್ಕಿ ಇಟ್ಟು.

"ನನ್ನ ಪಾಲಿಗೆ ಬಂದಿದ್ದು. ನಿಂಗೇ ಅಂತ ತಂದೆ," ಎಂದರು ಚಿಕ್ಕಮ್ಮ. "ಕಂಡಕಂಡ ಕಪ್ಪಿನ ತಳ ನೋಡ್ತಾನೆ, ಇದನ್ನೂ ನೋಡ್ತಾನೆ ಅಂತ ಎರಡು ತಿಂಗಳಿಂದ ಕಾಯ್ತಿದೀನಿ."

ಡಾಕ್ಟರು ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂತಲ್ಲೇ ಕೂತರು. ಎರಡು ತಿಂಗಳು, ದಿನಾ ಬೆಳಿಗ್ಗೆ, ಇದೇ ತಗ್ಗಿಗೆ ತುಟಿ ಇಟ್ಟು ಕುಡಿದಿದ್ದರು. ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಆ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ.

"ನಿನಗೆ ಗೊತ್ತಿತ್ತಾ?"

"ಮೊದಲನೇ ದಿನಾನೇ," ಎಂದರು ರಜನಿ. "ತೊಳೆದು ಕವುಚಿ ಹಾಕಿದ್ರೆ ಹೆಸರು ಮೇಲೇ ಇರುತ್ತಲ್ಲ. ಒಂದೇ ಒಂದು ದಿನ ಪಾತ್ರೆ ತೊಳೆದಿದ್ರೂ ನಿಮಗೂ ಗೊತ್ತಾಗಿರೋದು."

ಸಂಜೆ ಮಿಸೆಸ್ ಡೆವ್ಲಿನ್ ಅವರನ್ನು ರೈಲು ಹತ್ತಿಸಿ ಬಂದ ಡಾಕ್ಟರು ನೇರವಾಗಿ ಕಪಾಟಿನ ಹತ್ತಿರ ಹೋದರು. ಆರನೆಯ ಜಾಗದಲ್ಲಿ ಲೋಟವನ್ನಿಟ್ಟು, ದೀಪ ಹಚ್ಚಿ, ಬೀಗ ಹಾಕಿ ಎರಡು ಹೆಜ್ಜೆ ಹಿಂದೆ ಬಂದು ನೋಡಿದರು. ಐದರ ಪಕ್ಕದಲ್ಲಿ ಸೊಟ್ಟಗೆ, ಸರಿಯಾಗಿ ಕೂತಿತ್ತು. ಹಿಂದಿನಿಂದ ಚಿಕ್ಕಮ್ಮನ ದನಿ ಕೇಳಿಸಿತು: ಸರಿ, ನಾಳೆ ಬೆಳಿಗ್ಗೆ ಕಾಫಿ ಯಾತರಲ್ಲಿ ಕುಡೀತೀಯ?

ಡಾಕ್ಟರು ಬೀಗ ತೆಗೆದರು. ಲೋಟವನ್ನು ಅಡುಗೆಮನೆಗೆ ಒಯ್ದು, ಸಿಂಕಿನಲ್ಲಿದ್ದ ಉಳಿದ ಪಾತ್ರೆಗಳ ಜೊತೆ ತಾವೇ ತೊಳೆದರು. ಆಮೇಲೆ ಒರೆಸುವ ಬಟ್ಟೆ ಎಲ್ಲಿದೆಯೆಂದು ರಜನಿಯನ್ನು ಕೇಳಿ ತಿಳಿದುಕೊಂಡು, ಅದನ್ನು ಹಾಸಿ, ಲೋಟವನ್ನು ಹೆಸರು ಮೇಲೆ ಕಾಣುವ ಹಾಗೆ ಕವುಚಿ ಹಾಕಿದರು.